ಎರಡು ಸಾವಿರ ಡಾಲರ್ ಕೋಟು, ಮೂವತ್ತು ಡಾಲರ್ ಬಾಕಿ

ಟೊರಾಂಟೊ ಪಕ್ಕದ ಬ್ರ್ಯಾಂಪ್ಟನ್‌ನಲ್ಲಿ ನಾವೊಂದಿಷ್ಟು ಕನ್ನಡದ ಮನೆಯವರು ಸೇರಿ ಸಂಕ್ರಾಂತಿಗೆ ಹಾಲ್ ಹಿಡಿದಿದ್ದೆವು. ತಲೆಗೆ ಮೂವತ್ತು ಡಾಲರ್. ವಸೂಲಿ ಕೆಲಸ ಯಾರಿಗೂ ಬೇಡವಾದ್ದರಿಂದ ನನ್ನ ಕೊರಳಿಗೆ ಬಿತ್ತು. ಎಲ್ಲರೂ ಕೊಟ್ಟರು, ಒಬ್ಬನನ್ನು ಬಿಟ್ಟು. ‘ನಾಳೆ ಇ-ಟ್ರಾನ್ಸ್‌ಫರ್ ಮಾಡ್ತೀನಿ ಗುರೂ’ ಅಂದ. ಶಿವರಾತ್ರಿ ಹತ್ತಿರ ಬಂತು, ಅವನ ನಾಳೆ ಇನ್ನೂ ಬಂದಿಲ್ಲ. ಮೂವತ್ತು ಡಾಲರಿಗೆ ನಾನೇನು ಬೀದಿಗೆ ಬೀಳುವುದಿಲ್ಲ. ಹೊಟ್ಟೆ ಉರಿಯುವುದು ಯಾಕೆಂದರೆ, ಆ ಮಾತು ಹೇಳುವಾಗ ಅವನ ಮೈಮೇಲಿದ್ದದ್ದು ಕೆನಡಾ ಗೂಸ್ ಕಂಪನಿಯ ಕೋಟು. ಒಂಟಾರಿಯೊದ ಶೇಕಡಾ 13ರ ತೆರಿಗೆಯೂ ಸೇರಿದರೆ ಎರಡು ಸಾವಿರ ಡಾಲರಿನ ಆಸುಪಾಸು. ರೂಪಾಯಿಗೆ ಗುಣಿಸಬಾರದು ಅಂತ ಎಷ್ಟು ಸಲ ಅಂದುಕೊಂಡರೂ ಮನಸ್ಸು ಗುಣಿಸಿಯೇ ಬಿಡುತ್ತದೆ. ಲಕ್ಷ ದಾಟುತ್ತೆ ಸ್ವಾಮಿ!

ಹೆಸರು ಬೇಡ. ಧ್ರುವಕುಮಾರ ಅಂತಿಟ್ಟುಕೊಳ್ಳೋಣ. ಆ ಕೋಟಿನ ಎಡತೋಳಿನ ಮೇಲೆ ಕೆಂಪು, ಬಿಳಿ, ನೀಲಿಯ ಗುಂಡನೆಯ ಬಿಲ್ಲೆಯೊಂದಿರುತ್ತದೆ. ಅದರೊಳಗೆ ಉತ್ತರ ಧ್ರುವದ ನಕ್ಷೆ. ಧ್ರುವವನ್ನೇ ತೋಳಿನ ಮೇಲೆ ಹೊತ್ತವನಿಗೆ ಬೇರೆ ಹೆಸರು ಯಾಕೆ?

ಈ ಕಂಪನಿ 1957ರಲ್ಲಿ ಟೊರಾಂಟೊದಲ್ಲೇ ಹುಟ್ಟಿದ್ದು. ಸ್ಯಾಮ್ ಟಿಕ್ ಎಂಬಾತ ಮೆಟ್ರೊ ಸ್ಪೋರ್ಟ್ಸ್‌ವೇರ್ ಅನ್ನುವ ಹೆಸರಲ್ಲಿ ಶುರು ಮಾಡಿದಾಗ ಉಣ್ಣೆ ಜಾಕೆಟ್ಟು, ಮಳೆಕೋಟು, ಹಿಮದ ಉಡುಪು ಹೊಲಿಯುತ್ತಿದ್ದರು. 1980ರ ದಶಕದಲ್ಲಿ ಅಂಟಾರ್ಕ್ಟಿಕಾದ ಮ್ಯಾಕ್‌ಮರ್ಡೊ ಕೇಂದ್ರದ ವಿಜ್ಞಾನಿಗಳಿಗೆಂದು ಎಕ್ಸ್‌ಪೆಡಿಷನ್ ಪಾರ್ಕಾ ಎಂಬ ಟೊಪ್ಪಿಗೆಯ ದಪ್ಪ ಕೋಟು ಮಾಡಿಕೊಟ್ಟರು. ಮೈನಸ್ ಮೂವತ್ತು ಡಿಗ್ರಿಗೂ ಜಗ್ಗದ್ದು. ಆಮೇಲೆ ಚಳಿ ಜಾಗದಲ್ಲಿ ಚಿತ್ರೀಕರಣ ಮಾಡುವ ಸಿನಿಮಾ ತಂಡದವರು ತೊಟ್ಟರು, ತಾರೆಯರು ತೊಟ್ಟರು, ಕೊನೆಗೆ ನಮ್ಮ ಧ್ರುವಕುಮಾರ.

ಇವನ ದಿನಚರಿಯಲ್ಲಿ ಅಂಟಾರ್ಕ್ಟಿಕಾ ಎಲ್ಲಿ ಬರುತ್ತೆ ಅಂತ ಹುಡುಕಿದ್ದೇನೆ. ಮನೆಯೊಳಗಿಂದಲೇ ರಿಮೋಟ್ ಒತ್ತಿ ಕಾರು ಬೆಚ್ಚಗೆ ಮಾಡಿಸುತ್ತಾನೆ. ಗೋ ರೈಲಿನ ಸ್ಟೇಷನ್ನಿನ ಪಾರ್ಕಿಂಗ್‌ನಿಂದ ಪ್ಲಾಟ್‌ಫಾರ್ಮಿಗೆ ನಾಲ್ಕು ಹೆಜ್ಜೆ. ಯೂನಿಯನ್ ಸ್ಟೇಷನ್ನಿನಲ್ಲಿ ಇಳಿದರೆ ನೆಲದಡಿಯ ‘ಪಾತ್’ ದಾರಿ, ಒಟ್ಟು 30 ಕಿಲೋಮೀಟರ್, ಒಳಗೆಲ್ಲ ಹೀಟರು. ಅಲ್ಲಿಂದ ನೇರ ಆಫೀಸಿನ ಲಿಫ್ಟು. ಅದೇ ಹೊತ್ತಿಗೆ ನಮ್ಮ ಬೀದಿಯಲ್ಲಿ ಹಿಮ ಬಾಚುವ ಹುಡುಗ, ಸೈಕಲ್ಲಿನಲ್ಲಿ ಊಟ ಮುಟ್ಟಿಸುವ ಹುಡುಗ ತೊಟ್ಟಿರುವುದು ಡಿಸ್ಕೌಂಟಿನ ಜಾಕೆಟ್ಟು, ಒಳಗೆ ಎರಡು ಸ್ವೆಟರು.

ಆದರೆ ಕೋಟಿಗಿಂತ ದೊಡ್ಡ ತಮಾಷೆ ಅವನ ಎಡಗೈ. ಕೋಟು ಬಂದಾಗಿನಿಂದ ಆಸಾಮಿ ಎಡಚನಾಗಿದ್ದಾನೆ. ರೈಲಿನಲ್ಲಿ ಎಡತೋಳು ಜನ ಓಡಾಡುವ ಕಡೆಗೆ ಬರುವ ಸೀಟೇ ಆಗಬೇಕು. ದಾರಿ ಕೇಳಿದವರಿಗೆ ಎಡಗೈ ಚಾಚಿ ತೋರಿಸುತ್ತಾನೆ, ಹೋಗಬೇಕಾದ್ದು ಬಲಕ್ಕಾದರೂ. ಗ್ರೂಪ್ ಫೋಟೊದಲ್ಲಿ ಎಡತೋಳು ಬಯಲಿಗೆ ಬೀಳುವ ತುದಿಯಲ್ಲೇ ನಿಲ್ಲುತ್ತಾನೆ. ಮಧ್ಯೆ ನಿಲ್ಲಿಸಿದರೆ ಬಿಲ್ಲೆಗೆ ಗ್ರಹಣ. ಸಂಕ್ರಾಂತಿಯ ಹಾಲಿನಲ್ಲಿ ಹೀಟರ್ ಹೇಗಿತ್ತೆಂದರೆ ನಾವೆಲ್ಲ ಪಂಚೆ, ಸೀರೆಯಲ್ಲಿ ಆರಾಮಾಗಿದ್ದೆವು. ಕೋಟುಗಳೆಲ್ಲ ಮೂಲೆಯ ಮೇಜಿನ ಮೇಲೆ ಗುಡ್ಡೆ ಬಿದ್ದಿದ್ದವು. ಇವನದು ಮಾತ್ರ ಮೈಮೇಲೆ, ಗಲ್ಲದವರೆಗೆ ಜಿಪ್ಪು. ಸಿಹಿ ಪೊಂಗಲ್ ತಿನ್ನುವಾಗ ಹಣೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ‘ಖಾರ ಜಾಸ್ತಿ ಅಲ್ವಾ?’ ಅಂದ. ಬೆಲ್ಲದ ಪೊಂಗಲ್ ಸ್ವಾಮಿ ಅದು!

ಅಷ್ಟರಲ್ಲಿ ಹೆತ್ತವರಿಗೆಂದು ಇಲ್ಲಿ ಕೊಡುವ ಸೂಪರ್ ವೀಸಾದ ಮೇಲೆ ಮಗಳ ಮನೆಗೆ ಬಂದಿದ್ದ ಅಜ್ಜಿಯೊಬ್ಬರು ಎಳ್ಳು ಬೆಲ್ಲದ ತಟ್ಟೆ ಹಿಡಿದು ಬಂದರು. ಯಾರೋ ವಿಡಿಯೊ ಮಾಡುತ್ತಿದ್ದರು. ಇವನು ಎಡಗೈ ಒಡ್ಡಿದ. ‘ಬಲಗೈ ಒಡ್ಡಪ್ಪಾ’ ಅಂದರು ಅಜ್ಜಿ. ಬಲಗೈ ಒಡ್ಡಿದರೆ ಬಿಲ್ಲೆ ಮರೆ. ಹಾಗಾಗಿ ಎಡ ಭುಜ ಕ್ಯಾಮೆರಾಕ್ಕೆ, ಬಲಗೈ ಅಜ್ಜಿಗೆ, ಮುಖ ಇವೆರಡರ ನಡುವೆ ಎಲ್ಲೋ. ಭರತನಾಟ್ಯದವರೂ ಹಿಡಿಯದ ಭಂಗಿ ಹಿಡಿದು ನಿಂತ. ಅಜ್ಜಿ ಕಕ್ಕುಲತೆಯಿಂದ ನನ್ನ ಕಡೆ ತಿರುಗಿ, ‘ಪಾಪ, ಪಕ್ಕೆ ಹಿಡ್ಕೊಂಡಿದ್ಯಾ?’ ಅಂದರು. ನಾನು ‘ಹೂಂ, ಈ ದೇಶದಲ್ಲಿ ಸಾಮಾನ್ಯ’ ಅಂದೆ.

ಇಂಥ ಕೋಟು ಜನ ಹೇಗೆ ಕೊಳ್ಳುತ್ತಾರೆ ಅನ್ನುವುದು ನಮ್ಮ ಪೈಕಿ ತೀರದ ಚರ್ಚೆ. ಕೆಲವರು ಕಂತಿನಲ್ಲಿ ಕೊಳ್ಳುತ್ತಾರೆ. ಹಿಮ ಕರಗಿದರೂ ಕಂತು ಕರಗುವುದಿಲ್ಲ. ಕೆಲವರು ಸೆಕೆಂಡ್‌ಹ್ಯಾಂಡ್ ಹುಡುಕುತ್ತಾರೆ, ಟೊಪ್ಪಿಗೆಯ ತುಪ್ಪಳ ಉದುರಿದ್ದರೂ ಸೈ, ಬಿಲ್ಲೆ ಗಟ್ಟಿಯಿರಬೇಕು. ಬೇಸ್‌ಮೆಂಟಿನಲ್ಲಿ ಐದಾರು ಜನ ಒಟ್ಟಿಗಿದ್ದು ಬಾಡಿಗೆ ಉಳಿಸಿ ಕೊಂಡ ಹುಡುಗರೂ ಇದ್ದಾರೆ. ನಕಲಿಯ ಹಾದಿಯೂ ಉಂಟು. ಧ್ರುವಕುಮಾರನದು ಗಣಿತದ ಹಾದಿ: ‘ಹತ್ತು ಚಳಿಗಾಲಕ್ಕೆ ಭಾಗಿಸು ಗುರೂ, ದಿನಕ್ಕೆ ಒಂದು ಕಾಫಿಯ ದುಡ್ಡೂ ಆಗಲ್ಲ.’ ಅದೇ ಲೆಕ್ಕದಲ್ಲಿ ನನ್ನ ಮೂವತ್ತು ಡಾಲರನ್ನು ಹತ್ತು ವರ್ಷಕ್ಕೆ ಭಾಗಿಸಿಕೊಂಡಿದ್ದಾನೋ ಏನೋ.

ಹೆತ್ತವರ ಪಾಡು ಬೇರೆ. ಇಂಗ್ಲೆಂಡಿನ ಬರ್ಕನ್‌ಹೆಡ್‌ನ ಶಾಲೆಯೊಂದು 2018ರಲ್ಲಿ ಕೆನಡಾ ಗೂಸ್, ಮಾಂಕ್ಲೇರ್ ಥರದ ಕೋಟುಗಳನ್ನು ಶಾಲೆಗೆ ತೊಟ್ಟು ಬರಬೇಡಿ ಅಂತ ನಿಷೇಧಿಸಿತು. ಇಲ್ಲದ ಮಕ್ಕಳು ಕುಗ್ಗುತ್ತಾರೆ, ಕೊಡಿಸಲಾಗದ ಅಪ್ಪ ಅಮ್ಮಂದಿರು ಒದ್ದಾಡುತ್ತಾರೆ ಅಂತ. ಅದನ್ನು ಓದಿದಾಗ ಆ ಹೆಡ್‌ಮಿಸ್ಟ್ರೆಸ್ ಕಾಲಿಗೆ ಬೀಳಬೇಕೆನಿಸಿತು. ನನ್ನ ಮಗಳೂ ಈಗ ಎಲ್ಲರ ತೋಳು ನೋಡಲು ಕಲಿತಿದ್ದಾಳೆ.

ಮೊನ್ನೆ ಬಾಕಿ ಕೇಳಲೆಂದೇ ಅವನ ಮನೆಗೆ ಹೋದೆ. ಚಳ್ಳಕೆರೆಯ ತಾಯಿಯ ಜೊತೆ ವಿಡಿಯೊ ಕಾಲ್ ನಡೆದಿತ್ತು. ಮನೆಯೊಳಗೂ ಕೋಟು ತೊಟ್ಟಿದ್ದ, ಅಮ್ಮನಿಗೆ ತೋರಿಸಲು. ‘ಬೆಚ್ಚಗೈತೇನಪ್ಪಾ?’ ಅಂತ ಆಕೆ ಮೂರು ಮೂರು ಸಲ ಕೇಳಿದರು. ಟಿವಿಯಲ್ಲಿ ಕೆನಡಾದ ಹಿಮ ತೋರಿಸಿದ ದಿನ ನಿದ್ದೆ ಬರಲಿಲ್ಲವಂತೆ. ಇವನು ಟೊಪ್ಪಿಗೆ ಏರಿಸಿ, ತುಪ್ಪಳ ಸವರಿ, ಎಲ್ಲ ಜಿಪ್ಪು ಎಳೆದು ತೋರಿಸಿದ. ಎಡತೋಳು ಮಾತ್ರ ತೋರಿಸಲಿಲ್ಲ, ನಾನು ಗಮನಿಸಿದೆ. ನನ್ನ ಅಮ್ಮ ಇದ್ದಾಗ ನಾನೂ ಫೋನಿನಲ್ಲಿ ‘ಚಳಿಯೇ ಇಲ್ಲಮ್ಮ, ಬೆಂಗಳೂರಿನ ಹಾಗೇ ಇದೆ’ ಅನ್ನುತ್ತಿದ್ದೆ, ಬಸ್‌ಸ್ಟಾಪಿನಲ್ಲಿ ಹಲ್ಲು ಕಟಕಟಿಸುತ್ತ. ಹಾಗೆ ಕೇಳುವವರು ಈಗ ನನಗಿಲ್ಲ.

‘ಎಷ್ಟಾತಪ್ಪಾ?’ ಅಂದರು ಆಕೆ.

‘ಐದು ಸಾವಿರ ಅಮ್ಮ.’

‘ಐದ್ಸಾವ್ರನಾ!’ ಆಕೆ ಎದೆಗೆ ಕೈಯಿಟ್ಟುಕೊಂಡರು. ‘ಯಾವನೋ ಟೋಪಿ ಹಾಕ್ಯಾನೆ ನಿಂಗೆ. ಒಳ್ಳೇ ಕರಿ ಕುರಿ ಉಣ್ಣೆದು, ಹುಣಸೆಬೀಜದ ಗಂಜಿ ಹಾಕಿ ನೇಯ್ದಿರೋ ಕಂಬಳಿ ತಗಂಡಿದ್ರೆ ಹೊದಿಯಾಕೂ ಆತು, ಹಾಸಾಕೂ ಆತು, ಮಳೆ ಬಂದ್ರೆ ಕೊಪ್ಪೆನೂ ಆತು. ಉಳಿದಿದ್ದ ದುಡ್ಡಿಗೆ ನಿನ್ನ ಸ್ನೇಹಿತನಿಗೂ ಒಂದು ತಗಂಬೋದಿತ್ತು. ನೋಡು, ಪಾಪ, ಹೆಂಗೆ ತೆಳ್ಳಗಿರೋದು ಹಾಕ್ಕಂಡು ನಿಂತೈತೆ.’

ಆ ಸ್ನೇಹಿತ ನಾನು. ಧ್ರುವಕುಮಾರ ಕಾಲ್ ಕಟ್ ಮಾಡಿ, ನನ್ನ ಜಾಕೆಟ್ಟನ್ನು ಮೇಲಿಂದ ಕೆಳಗೆ ನೋಡಿ, ‘ನಿಂಗೂ ಒಂದು ಒಳ್ಳೇದು ಬೇಕು ಗುರೂ, ಕಂತಲ್ಲಿ ಸಿಗುತ್ತೆ, ಲಿಂಕ್ ಕಳಿಸ್ಲಾ?’ ಅಂದ. ಲಿಂಕ್ ಮಾತ್ರ ಆ ಕ್ಷಣವೇ ಬಂತು.