ರೋಲ್ ಬಾರ್ ಅಂದ್ರೆ ಕಾರಿಗೆ ಹಾಕೋ ಒಡವೆ ಅಲ್ಲ ಸ್ವಾಮಿ

ನಿನ್ನೆಯಿಂದ ತಲೆ ಕೆಟ್ಟು ಹೋಗಿದೆ. ಇಲ್ಲಿ ಬರೆದು ಹಗುರಾಗೋಣ ಅಂತ ಕೂತಿದ್ದೇನೆ. ಹಳೇ ಕಾರಿನ ಹುಚ್ಚು ಇಲ್ಲದವರು ಇಲ್ಲಿಂದಲೇ ಮುಂದೆ ಹೋಗಬಹುದು, ನನಗೇನೂ ಬೇಜಾರಿಲ್ಲ.

ನನ್ನ ಎಂಜಿಬಿ, ಅಂದರೆ ಆ ಹಳೇ ಬ್ರಿಟಿಷ್ ಓಪನ್ ಕಾರಿನ ಕಥೆ ನಿಮಗೆಲ್ಲ ಗೊತ್ತೇ ಇದೆ. ಅದರ ಕಾರ್ಬುರೇಟರ್ ಪುರಾಣ ಕೇಳಿ ಕೇಳಿ ಕೆಲವರು ನನ್ನನ್ನು ಅನ್‌ಫಾಲೋ ಮಾಡಿದ್ದೂ ಗೊತ್ತು. ಇವತ್ತು ಕಾರ್ಬುರೇಟರ್ ಸುದ್ದಿ ಎತ್ತಲ್ಲ. ಇವತ್ತಿನ ಸಿಟ್ಟು ಬೇರೆ.

ನಿನ್ನೆ ಹಳೇ ಕಾರಿನವರೆಲ್ಲ ಒಂದು ಕಡೆ ಸೇರಿದ್ದೆವು. ಒಂದು ಕಡುಹಸಿರು ಓಪನ್ ಕಾರು ಬಂತು. ಸ್ಪೋಕ್ ವೀಲು, ಕನ್ನಡಿಯಂಥ ಪೇಂಟು, ಸೀಟಿನ ಹಿಂದೆ ಫಳಫಳ ಹೊಳೆಯುವ ಕ್ರೋಮ್ ಕಮಾನು, ಅದೇ ರೋಲ್ ಬಾರು. ಎಲ್ಲರೂ ಮೊಬೈಲ್ ಹಿಡಿದು ಸುತ್ತುವರಿದರು. ಓನರ್ ಮುಖದಲ್ಲಿ ಮದುಮಗನ ಕಳೆ. "ಸೇಫ್ಟಿ ಮುಖ್ಯ ಅಲ್ವಾ ಸಾರ್, ಮನೆಯವರಿಗೋಸ್ಕರ ಹಾಕಿಸಿದೆ" ಅಂದರು.

ನಾನು ಸುಮ್ನೆ ಆ ಕಮಾನಿನ ಮೇಲೆ ಕೈ ಊರಿದೆ. ಅಲ್ಲಾಡಿತು.

ಒಂದು ಟನ್ನಿಗೆ ಹತ್ತಿರ ತೂಗುವ ಕಾರು ತಲೆಕೆಳಗಾದಾಗ ಎತ್ತಿ ಹಿಡಿಯಬೇಕಾದದ್ದು, ನನ್ನ ಒಂದು ಕೈ ಭಾರಕ್ಕೆ ಅಲ್ಲಾಡಿತು! ನನ್ನ ಸ್ವಭಾವ ಗೊತ್ತಲ್ಲ, ಸುಮ್ಮನಿರಕ್ಕಾಗಲ್ಲ. ಒಳ್ಳೇ ಶರ್ಟ್ ಹಾಕಿಕೊಂಡಿದ್ದೆ ಅನ್ನೋದನ್ನೂ ಮರೆತು ನೆಲದ ಮೇಲೆ ಅಂಗಾತ ಮಲಗಿ ಕಾರಿನ ಕೆಳಗೆ ಮೊಬೈಲ್ ಟಾರ್ಚ್ ಬಿಟ್ಟೆ. ನಾಲ್ಕೇ ನಾಲ್ಕು ಬೋಲ್ಟು. ಒಂದೊಂದಕ್ಕೂ ನಾಣ್ಯದಷ್ಟಗಲದ ವಾಷರು. ಹಿಂದಕ್ಕೆ ಆನಿಸುವ ಕಾಲುಗಳೇ ಇಲ್ಲ. ಒಂದು ಬೋಲ್ಟಿನ ಸುತ್ತ ಕಪ್ಪು ಅಂಡರ್‌ಕೋಟ್ ಉಬ್ಬಿತ್ತು. ಬೆರಳಲ್ಲಿ ಒತ್ತಿದರೆ ಚಕ್ಕೆ ಎದ್ದು ಬಂತು. ಚಕ್ಕೆಯ ಜೊತೆ ತಗಡೂ ಬಂತು. ಮೇಲೆ ಥಳಕು, ಒಳಗೆ ಹುಳುಕು ಅನ್ನೋ ಮಾತನ್ನು ಕೈಯಲ್ಲಿ ಮುಟ್ಟಿ ನೋಡಿದ್ದು ಇದೇ ಮೊದಲು.

ಇಷ್ಟಕ್ಕೇ ಮುಗಿಯಲಿಲ್ಲ. ಸೀಟ್ ಬೆಲ್ಟನ್ನು ಮಡಚಿ ಸೀಟಿನ ಕೆಳಗೆ ತುರುಕಿದ್ದರು. ಫೋಟೋದಲ್ಲಿ ಚೆನ್ನಾಗಿ ಕಾಣಲ್ಲವಂತೆ.

ಅಲ್ಲ, ವೋಲ್ವೋದ ನಿಲ್ಸ್ ಬೋಲಿನ್ ಮೂರು ಕಡೆ ಹಿಡಿಯುವ ಬೆಲ್ಟ್ ಮಾಡಿಕೊಟ್ಟಿದ್ದು 1959ರಲ್ಲಿ. ಎಂಜಿಬಿ ಹುಟ್ಟುವ ಮೂರು ವರ್ಷ ಮೊದಲು. ಬೆಲ್ಟ್ ಹಾಕದೆ ಕೂತರೆ ಕಾರು ಪಲ್ಟಿ ಹೊಡೆಯುವಾಗ ಮನುಷ್ಯ ಸೀಟಿನಲ್ಲಿ ಇರೋದೇ ಇಲ್ಲ, ಆಚೆ ಎಲ್ಲೋ ಬಿದ್ದಿರುತ್ತಾನೆ. ಆಗ ಈ ಕಮಾನು ಕಾಪಾಡೋದು ಯಾರನ್ನ? ಖಾಲಿ ಸೀಟನ್ನ. ಲೆದರ್‌ಗೆ ಒಂದು ಗೀರೂ ಆಗದ ಹಾಗೆ.

ಕಮಾನು ಹಾಕಬೇಡಿ ಅಂತ ನಾನು ಹೇಳುತ್ತಿಲ್ಲ. ಹಾಕಿ. ಆದರೆ ಹಾಕುವುದಾದರೆ ಕೆಲಸ ಮಾಡುವಂಥದ್ದನ್ನು ಹಾಕಿ. ಅರ್ಥ ಮಾಡಿಕೊಳ್ಳಬೇಕಾದದ್ದು ಇಷ್ಟೇ: ಪಲ್ಟಿಯಾದಾಗ ಮೊದಲು ಸೋಲುವುದು ಪೈಪ್ ಅಲ್ಲ, ಅದರ ಪಾದದ ಕೆಳಗಿನ ತಗಡು. ಕೆಸರಿನಲ್ಲಿ ಹೈಹೀಲ್ಸ್ ಇಳಿದ ಹಾಗೆ ಪೈಪಿನ ಕಾಲು ಫ್ಲೋರನ್ನು ತೂತು ಮಾಡಿಕೊಂಡು ಆಚೆ ಬರುತ್ತದೆ. ಅದಕ್ಕೇ ಜಗತ್ತಿನ ಕಾರ್ ರೇಸುಗಳಿಗೆ ನಿಯಮ ಮಾಡುವ ಎಫ್‌ಐಎ ಸಂಸ್ಥೆಯ ರೇಸಿಂಗ್ ನಿಯಮದಲ್ಲಿ ಒಂದೊಂದು ಪಾದಕ್ಕೂ ಕನಿಷ್ಠ 3 ಎಂಎಂ ದಪ್ಪದ, 120 ಚದರ ಸೆಂಟಿಮೀಟರ್ ಅಗಲದ ಸ್ಟೀಲ್ ಪ್ಲೇಟ್ ಇರಬೇಕು ಅಂತ ಬರೆದಿರುವುದು. ಅಂದರೆ ಹೆಚ್ಚುಕಡಿಮೆ ಅಂಗೈ ಅಗಲ. ಕಮಾನಿನ ಪೈಪು 45 ಎಂಎಂ ದಪ್ಪ, ಅದರ ಗೋಡೆಯೇ ಎರಡೂವರೆ ಎಂಎಂ. ಒಂದೊಂದು ಪಾದಕ್ಕೆ ಕನಿಷ್ಠ ಮೂರು ಬೋಲ್ಟು. ಕಮಾನು ಮಡಚಿಕೊಳ್ಳದ ಹಾಗೆ ಹಿಂದಕ್ಕೆ ಎರಡು ಆಧಾರದ ಕಾಲು. ನಾವು ರೇಸಿಗೆ ಹೋಗಲ್ಲ, ಒಪ್ಪಿದೆ, ಅಷ್ಟೂ ಬೇಕಾಗಿಲ್ಲ. ಆದರೆ ಅಂಗೈಗೂ ನಾಣ್ಯಕ್ಕೂ ನಡುವೆ ಎಲ್ಲಾದರೂ ಒಂದು ಕಡೆ ನಿಲ್ಲಬಹುದಿತ್ತಲ್ಲ? ನೇರ ನಾಣ್ಯಕ್ಕೇ ಇಳಿಯಬೇಕಿತ್ತಾ?

ಎಂಜಿಬಿಯಂಥ ಕಾರಿಗೆ ಬೇರೆ ಚಾಸಿಯೂ ಇಲ್ಲ. ಬಾಡಿಯೇ ಚಾಸಿ. ತಗಡಿಗೆ ತುಕ್ಕು ಹಿಡಿದಿದ್ದರೆ ಎಂಥಾ ಪೈಪ್ ಹಾಕಿದರೂ ದಂಡ. ಮೊದಲು ಫ್ಲೋರ್ ಸರಿ ಮಾಡಿಸಿ, ಆಮೇಲೆ ಕಮಾನಿನ ಮಾತು.

ಇದನ್ನೆಲ್ಲ ಅಲ್ಲೇ ಹೇಳಿದೆ. ಸ್ವಲ್ಪ ಜೋರಾಗೇ ಹೇಳಿದೆ ಅನ್ನಿ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಬಾಯಿ ಹಾಕಿದರು. "ಇಂಥ ಕಾರು ನೆಲಕ್ಕೆ ಅಂಟಿಕೊಂಡಿರುತ್ತೆ ಕಣ್ರೀ, ಪಲ್ಟಿ ಎಲ್ಲಿ ಹೊಡೆಯುತ್ತೆ?"

ಅರ್ಧ ಸತ್ಯ. ಸಮತಟ್ಟಾದ ಟಾರಿನ ಮೇಲೆ ಇಂಥ ಕಾರು ಜಾರುತ್ತದೆಯೇ ಹೊರತು ಸುಲಭಕ್ಕೆ ಉರುಳಲ್ಲ. ಆದರೆ ಜಾರಿದ ಕಾರು ಟಾರಿನ ಮೇಲೇ ನಿಲ್ಲುತ್ತೆ ಅಂತ ಯಾರು ಬರೆದುಕೊಟ್ಟಿದ್ದಾರೆ? ಅಡ್ಡಡ್ಡ ಹೋಗಿ ಚಕ್ರ ಮೆತ್ತನೆ ಮಣ್ಣಿಗೆ ಇಳಿಯಿತೋ, ಕಲ್ಲಿನ ಅಂಚಿಗೆ ಬಡಿಯಿತೋ, ಎಡವಿ ಬಿದ್ದವರ ಹಾಗೆ ಮಗುಚುತ್ತದೆ. ಇನ್ನು ಎಂಜಿಬಿ ಥರದ್ದೇ ಬ್ರಿಟಿಷ್ ಓಪನ್ ಕಾರುಗಳಾದ ಶುರುವಿನ ಟ್ರಯಂಫ್ ಸ್ಪಿಟ್‌ಫೈರ್‌ಗಳಂತೂ ತಿರುವಿನಲ್ಲಿ ಗಾಬರಿಯಾಗಿ ಆಕ್ಸಿಲರೇಟರ್ ಬಿಟ್ಟರೆ ಹಿಂದಿನ ಚಕ್ರ ಒಳಕ್ಕೆ ಮಡಚಿ ಕಾರಿನ ಹಿಂಭಾಗವನ್ನೇ ಎತ್ತುತ್ತಿದ್ದವು. 1970ರ ಮಾರ್ಕ್ ಫೋರ್ ಮಾಡೆಲ್ ಬಂದ ಮೇಲೇ ಆ ಚಾಳಿ ಹತೋಟಿಗೆ ಬಂದದ್ದು. ಮಗುಚಿದ ಮೇಲೆ ನಮ್ಮ ತಲೆಗೂ ನೆಲಕ್ಕೂ ನಡುವೆ ಇರೋದು ಏನು? ಮುಂದಿನ ಗ್ಲಾಸಿನ ಅಲ್ಯೂಮಿನಿಯಂ ಫ್ರೇಮು. ಅದು ಗಾಳಿ ತಡೆಯೋಕೆ ಇರೋದು, ಕಾರು ಹೊರೋಕಲ್ಲ.

ಆಮೇಲೆ ಎಂದಿನ ರಾಗ ಶುರುವಾಯಿತು. "ಕಾರಿನ ಅಂದ ಹಾಳು. ಒರಿಜಿನಲ್ ಆಗಿ ಉಳಿಯಲ್ಲ."

ಈ ಒರಿಜಿನಲ್ ಮಂದಿಯ ಜೊತೆ ನನಗೆ ಸಾಕಾಗಿದೆ. ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದಾಗ, ಆಲ್ಟರ್ನೇಟರ್ ಬದಲಿಸಿದಾಗ, ಡ್ಯಾಶ್‌ಬೋರ್ಡ್ ಒಳಗೆ ಬ್ಲೂಟೂತ್ ಬಚ್ಚಿಟ್ಟಾಗ ಒರಿಜಿನಾಲಿಟಿ ಎಲ್ಲಿ ನಿದ್ದೆ ಮಾಡುತ್ತಿತ್ತು? ಕಾರು ಮಾಡಿದವರೇ ಕಮಾನಿಗೆ ಹೆದರಲಿಲ್ಲ. ಪೋರ್ಷೆಯವರು 1965ರಲ್ಲಿ ಟಾರ್ಗಾ ಅನ್ನೋ ಕಾರು ತೋರಿಸಿದಾಗ ಆ ಅಗಲವಾದ ಸ್ಟೀಲ್ ಪಟ್ಟಿಯನ್ನು ಮುಚ್ಚಿಡಲಿಲ್ಲ, ಅದನ್ನೇ ಕಾರಿನ ಮುಖಲಕ್ಷಣ ಮಾಡಿಬಿಟ್ಟರು. ಟ್ರಯಂಫ್ ಸ್ಟ್ಯಾಗ್‌ಗೆ 1970ರಲ್ಲಿ ಫ್ಯಾಕ್ಟರಿಯಿಂದಲೇ ಕಮಾನು ಬಂತು, ಅದರ ನಡುವಿನಿಂದ ಮುಂದಿನ ಗ್ಲಾಸಿಗೆ ಒಂದು ಅಡ್ಡಪಟ್ಟಿ ಬೇರೆ. 1979ರ ಫೋಕ್ಸ್‌ವ್ಯಾಗನ್ ಗಾಲ್ಫ್ ಕ್ಯಾಬ್ರಿಯೊಲೆಗೂ ಕಮಾನಿತ್ತು, ಅದು ಬುಟ್ಟಿಯ ಹಿಡಿಯಂತೆ ಕಂಡು ಜರ್ಮನರು ಸ್ಟ್ರಾಬೆರಿ ಬುಟ್ಟಿ ಅಂತ ಅಡ್ಡಹೆಸರಿಟ್ಟು ನಕ್ಕರು. ನಕ್ಕರೇನಂತೆ, ಕೊಂಡೂ ಕೊಂಡರು. ಕಮಾನು ಕಣ್ಣಿಗೆ ಬೀಳಲೇಬಾರದು ಅನ್ನುವವರಿಗೆ ಮರ್ಸಿಡಿಸ್‌ನವರು 1989ರ ಎಸ್‌ಎಲ್ ಅನ್ನೋ ಓಪನ್ ಕಾರಿನಲ್ಲಿ ಅದನ್ನು ಒಳಗೇ ಮಲಗಿಸಿಟ್ಟರು. ಕಾರು ಮಗುಚುತ್ತಿದೆ ಅಂತ ಗೊತ್ತಾದರೆ 0.3 ಸೆಕೆಂಡಿನಲ್ಲಿ ಎದ್ದು ನಿಲ್ಲುತ್ತದೆ. ಇವರೆಲ್ಲರಿಗೂ ಅಂದ ಗೊತ್ತಿರಲಿಲ್ಲ, ನಿಮಗೊಬ್ಬರಿಗೇ ಗೊತ್ತಿರೋದು, ಅಲ್ವಾ?

ಒಂದು ತಕರಾರನ್ನು ಮಾತ್ರ ನಾನು ತಳ್ಳಿಹಾಕಲ್ಲ. ರೇಸಿನವರು ಹೆಲ್ಮೆಟ್ ಹಾಕುತ್ತಾರೆ, ನಾವು ಬರೀ ತಲೆ. ಹಿಂದಿನಿಂದ ಯಾರಾದರೂ ಗುದ್ದಿದರೆ ತಲೆ ಹಿಂದಕ್ಕೆ ಹೋಗಿ ಬಡಿಯೋದು ಇದೇ ಕಬ್ಬಿಣಕ್ಕೆ. ಹಳೇ ಕಾರಿನಲ್ಲಿ ತಲೆಗೆ ಒರಗು ಕೂಡ ಇರಲ್ಲ ಎಷ್ಟೋ ಸಲ. ಹಾಗಾಗಿ ತಲೆಗೂ ಪೈಪಿಗೂ ಆದಷ್ಟು ಅಂತರ ಇರಬೇಕು, ಪೈಪಿಗೆ ಗಟ್ಟಿ ಫೋಮ್ ಸುತ್ತಿರಬೇಕು. ದಿಂಬಿನ ಸ್ಪಂಜ್ ಅಲ್ಲ, ಉಗುರಲ್ಲಿ ಒತ್ತಿದರೂ ಜಗ್ಗದಂಥದ್ದು. ಆದರೆ ನಿನ್ನೆ ನೋಡಿದ ಕ್ರೋಮ್ ಮಹಾಶಯನ ಮೇಲೆ ಫೋಮ್ ಎಲ್ಲಿಂದ ಬರಬೇಕು? ಫೋಮ್ ಸುತ್ತಿದರೆ ಹೊಳಪು ಕಾಣಲ್ಲವಲ್ಲ. ಅಂದರೆ ಅದು ಪಲ್ಟಿಯಾದಾಗ ಕಾಪಾಡಲ್ಲ, ಪಲ್ಟಿಯಾಗದೆ ಇದ್ದಾಗ ತಲೆ ಒಡೆಯುತ್ತೆ. ಇಂಥದ್ದಕ್ಕಿಂತ ಏನೂ ಹಾಕಿಸದೆ ಇರೋದೇ ವಾಸಿ. ಆಗ ಕಾಪಾಡೋರು ಯಾರೂ ಇಲ್ಲ ಅನ್ನೋ ಹೆದರಿಕೆಗಾದರೂ ನಿಧಾನ ಓಡಿಸುತ್ತೀರಿ.

ಇಲ್ಲಿಯವರೆಗೆ ಓದಿದವರು ಈಗ ಕೇಳಬೇಕಾದ ಪ್ರಶ್ನೆ ಒಂದಿದೆ. ಕೇಳುವ ಮೊದಲೇ ಹೇಳಿಬಿಡುತ್ತೇನೆ. ನನ್ನ ಕಾರಿಗೆ ರೋಲ್ ಬಾರ್ ಇಲ್ಲ.

ಇದೆ, ಆದರೆ ಕಾರಿನಲ್ಲಿಲ್ಲ. ಎರಡು ವರ್ಷದಿಂದ ಹಳೇ ಬೆಡ್‌ಶೀಟ್ ಸುತ್ತಿಕೊಂಡು ಗ್ಯಾರೇಜಿನ ಮೂಲೆಯಲ್ಲಿ ನಿಂತಿದೆ. ಒಳ್ಳೇ ಪೈಪು, ಒಳ್ಳೇ ಪ್ಲೇಟು, ಹಿಂದಿನ ಕಾಲು ಎಲ್ಲ ಇದೆ. ಮೂರು ಸಲ ಡ್ರಿಲ್ ಕೈಗೆತ್ತಿಕೊಂಡಿದ್ದೇನೆ. ಒಮ್ಮೆಯಂತೂ ಫ್ಲೋರಿನ ಮೇಲೆ ಸೀಮೆಸುಣ್ಣದಲ್ಲಿ ಗುರುತೂ ಹಾಕಿದ್ದೆ. ನಾನೇ ಬೆಸೆದು, ನಾನೇ ಬಣ್ಣ ಹೊಡೆದ ತಗಡಿಗೆ ತೂತು ಕೊರೆಯಲು ಮನಸ್ಸು ಬರಲಿಲ್ಲ. ಗುರುತು ಒರೆಸಿ ಎದ್ದು ಬಂದೆ. ಶಾಸ್ತ್ರ ಹೇಳೋದು, ಬದನೆಕಾಯಿ ತಿನ್ನೋದು ಅಂತಾರಲ್ಲ, ಅದು ನಾನೇ.

ನಿನ್ನೆ ಮನೆಗೆ ಬಂದವನೇ ಆ ಸಿಟ್ಟಲ್ಲಿ ಬೆಡ್‌ಶೀಟ್ ಕಿತ್ತು ಕಮಾನನ್ನು ಕಾರಿನೊಳಗೆ ಇಟ್ಟೆ. ಬೋಲ್ಟ್ ಹಾಕಲಿಲ್ಲ, ಸುಮ್ನೆ ಅಳತೆಗೆ. ನಾನು ಸೀಟಿನಲ್ಲಿ ಕೂತೆ. ಹೆಂಡತಿಗೆ ಮಾಪ್ ಕೋಲು ಕೊಟ್ಟು, ಕಮಾನಿನ ತುದಿಯಿಂದ ಮುಂದಿನ ಗ್ಲಾಸಿನ ಫ್ರೇಮಿನ ತುದಿಗೆ ಅಡ್ಡ ಹಿಡಿ ಅಂದೆ. ಕಾರು ಮಗುಚಿದರೆ ನೆಲ ಎಲ್ಲಿರುತ್ತೆ ಅಂತ ನೋಡುವ ದಾರಿ ಇದು. ತಲೆ ಕೋಲಿಗಿಂತ ಕೆಳಗಿರಬೇಕು.

ಕೋಲು ನನ್ನ ಹಣೆಗೆ ಬಡಿಯಿತು.

"ಇದು ಕಾರನ್ನ ಕಾಪಾಡುತ್ತೆ. ನಿಮ್ಮ ವಿಷಯ ಗ್ಯಾರಂಟಿ ಇಲ್ಲ" ಅಂದಳು. ಅರ್ಧ ಗಂಟೆ ನಕ್ಕಳು. ಕೋಲನ್ನು ಕೊಡಲೂ ಇಲ್ಲ.

ಈಗ ಸೀಟ್ ಬಿಚ್ಚಿಟ್ಟುಕೊಂಡು ಕೂತಿದ್ದೇನೆ. ಎಂಜಿಬಿ ಸೀಟಿನ ಹಳಿಗಳ ಕೆಳಗೆ ಮರದ ಪಟ್ಟಿ ಇರುತ್ತದೆ. ಅದನ್ನು ತೆಗೆದು ಸೀಟಿನ ಫೋಮನ್ನೂ ಸ್ವಲ್ಪ ಕೊಯ್ದರೆ ಎಷ್ಟು ಇಳಿಯುತ್ತೇನೆ ಅಂತ ಲೆಕ್ಕ ಹಾಕುತ್ತಿದ್ದೇನೆ. ಅಷ್ಟಕ್ಕೂ ಸಾಲದಿದ್ದರೆ ಈ ಕಮಾನು ಮಾರಿ ಎತ್ತರದ್ದು ಹುಡುಕಬೇಕು. ಮಡಚಿದ ಟಾಪ್ ಅದರ ಹಿಂದೆ ಕೂರುತ್ತೋ ಇಲ್ಲವೋ, ಅದು ಇನ್ನೊಂದು ತಲೆನೋವು.

ಹಸಿರು ಕಾರಿನವರೇ, ಇದು ನಿಮ್ಮ ಕಣ್ಣಿಗೆ ಬಿದ್ದರೆ, ನಿನ್ನೆ ಎಲ್ಲರೆದುರು ದನಿ ಏರಿಸಿದ್ದಕ್ಕೆ ಕ್ಷಮಿಸಿ. ವಾಷರ್ ಬಗ್ಗೆ ಆಡಿದ ಮಾತಿಗಲ್ಲ.