ಸತ್ಯಾಂಶ: ತಾಳಿ ಇಲ್ಲದಿದ್ದರೂ ಕಾನೂನು ಇದೆ

ಯುವತಿಯೊಬ್ಬಳ ಕೊಲೆಯಾಗಿ, ಜೊತೆಗಿದ್ದವನ ಮೇಲೆ ಅನುಮಾನ ಬಂದಾಗೆಲ್ಲ ರಾಯಚೂರಿನ ವಾಟ್ಸಾಪ್ ಗುಂಪುಗಳಲ್ಲಿ ಈ ಮಾತು ಓಡಾಡುತ್ತದೆ: ‘ಮದುವೆಯಾಗದೆ ಜೊತೆಗಿದ್ದವಳಿಗೆ ಕಾನೂನಿಲ್ಲ. ಘಟನೆ ನಡೆದ ಊರಲ್ಲೇ ದೂರು ಕೊಡಬೇಕು.’

ಎರಡೂ ಸುಳ್ಳು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ, ಮದುವೆಯಂತೆಯೇ ಒಂದೇ ಮನೆಯಲ್ಲಿ ಬಾಳಿದ ಹೆಣ್ಣಿಗೂ ಅನ್ವಯಿಸುತ್ತದೆ. ಹೊಡೆತ ಮಾತ್ರವಲ್ಲ, ಬೆದರಿಕೆ, ಸಂಬಳ ಕಿತ್ತುಕೊಳ್ಳೋದೂ ಹಿಂಸೆಯೇ. ಹಿಂಸೆ ಕೊಟ್ಟವನು ಹತ್ತಿರ ಬರದಂತೆ, ಫೋನ್ ಮಾಡದಂತೆ ಮ್ಯಾಜಿಸ್ಟ್ರೇಟ್ ಆದೇಶ ಕೊಡಬಹುದು. ಜೀವ ಹೋಗುವ ಮುಂಚೆ ಸಿಗಬೇಕಾದ ನೆರವಿದು. ಅದಕ್ಕೇ ಈ ಸುಳ್ಳಿನಿಂದ ಅಪಾಯ ಜಾಸ್ತಿ.

ಮಗಳು ಬೆಂಗಳೂರಲ್ಲಿ, ಹೆತ್ತವರು ಸಿಂಧನೂರಲ್ಲಿ ಇದ್ದರೆ? ಕೊಲೆ, ಗಂಭೀರ ಹಲ್ಲೆಯಂಥ ಅಪರಾಧಕ್ಕೆ ಸಿಂಧನೂರು ಠಾಣೆಯಲ್ಲೇ ಝೀರೋ ಎಫ್‌ಐಆರ್ (ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದಾಖಲಿಸುವ ದೂರು) ಮಾಡಿಸಬಹುದು. ಆಮೇಲೆ ಅದು ಬೆಂಗಳೂರಿಗೆ ಹೋಗುತ್ತದೆ. 2024ರ ಜುಲೈ 1ರಿಂದ ಇದು ಕಾನೂನಿನಲ್ಲೇ ಇದೆ. ಠಾಣೆಯವರು ‘ನಮ್ಮ ವ್ಯಾಪ್ತಿ ಅಲ್ಲ’ ಅಂದರೆ ಎಸ್‌ಪಿಗೆ ಬರೆದು ಕೊಡಿ. ತುರ್ತಿಗೆ 112, ಮಹಿಳಾ ಸಹಾಯವಾಣಿ 181.