2,000 ರೂಪಾಯಿ ಸಣ್ಣದಲ್ಲ

ಜಮೀನಿರುವ ರೈತರ ಖಾತೆಗೆ ಕೇಂದ್ರ ಸರ್ಕಾರ ಹಾಕುವ ಪಿಎಂ ಕಿಸಾನ್‌ನ ವರ್ಷಕ್ಕೆ 6,000 ರೂಪಾಯಿಯಿಂದ ರೈತನಿಗೆ ಏನಾಗುತ್ತದೆ ಅಂತ ಕೆಲವರು ಕೇಳುತ್ತಾರೆ. ನಮ್ಮ ಮನೆಯದು ಹೇಳುತ್ತೇನೆ. ಮಳೆ ನಂಬಿದ ಎರಡು ಎಕರೆ ಹೊಲ. ಮೊದಲು ಬಿತ್ತನೆಗೆ ಗೊಬ್ಬರದಂಗಡಿಯಲ್ಲಿ ಸಾಲ ಬರೆಸಬೇಕಿತ್ತು. ಸುಗ್ಗಿಯಲ್ಲಿ ಆ ಸಾಲಕ್ಕೆ ಅಂಗಡಿಯವರು ಹೇಳಿದ ಬೆಲೆಗೇ ರಾಗಿ ಅಳೆದು ಕೊಡಬೇಕಿತ್ತು. ಈಗ 2,000ದ ಕಂತು ಹೊತ್ತಿಗೆ ಸರಿಯಾಗಿ ಬಂದರೆ ಅಪ್ಪ ಒಂದು ಚೀಲ ಡಿಎಪಿ ಗೊಬ್ಬರವನ್ನು ನಗದು ಕೊಟ್ಟೇ ತರುತ್ತಾರೆ. ರಾಗಿ ಮನೆಯಲ್ಲೇ ಉಳಿಯುತ್ತದೆ.

ಇನ್ನು 2023ರಲ್ಲಿ ಶುರುವಾದ ರಾಜ್ಯ ಸರ್ಕಾರದ ಗೃಹಲಕ್ಷ್ಮಿ ಯೋಜನೆಯ ದುಡ್ಡು ನೇರ ಅಮ್ಮನ ಖಾತೆಗೇ ಬರುತ್ತದೆ. ಅದರಲ್ಲಿ ಉಳಿಸಿ ಅಮ್ಮ ಎರಡು ಮೇಕೆಮರಿ ತಂದರು. ಯಾರನ್ನೂ ಕೇಳಲಿಲ್ಲ! ನನಗೆ ಅದೇ ಜಾಸ್ತಿ ಖುಷಿ.

ಆದರೆ ಗುತ್ತಿಗೆಗೆ ಹೊಲ ಮಾಡುವ ಪಕ್ಕದ ಮನೆಯವರಿಗೆ ಪಿಎಂ ಕಿಸಾನ್ ಇಲ್ಲ. ಜಮೀನಿನ ದಾಖಲೆಯಾದ ಪಹಣಿ ಅವರ ಹೆಸರಲ್ಲಿಲ್ಲ. ಬೆವರು ಸುರಿಸುವವರು ಅವರೇ ಅಲ್ವಾ?